ಬೆಳಗಿನ ಪಾವ್, ಸಂಜೆಯ ಮಂಚೂರಿಯನ್

ನಾಸಿಕ್ ನಗರದ ಅಂಚಿನಲ್ಲಿ, ಮುಂಬೈ–ಆಗ್ರಾ ಹೆದ್ದಾರಿಯ ಬಗಲಿಗಿರುವ ಅಂಬಡ್ ಒಂದು ಕೈಗಾರಿಕಾ ವಸಾಹತು. ಅದಕ್ಕೆ ತಾಗಿಕೊಂಡೇ ಮಹಾರಾಷ್ಟ್ರ ಸರ್ಕಾರದ ನಗರಾಭಿವೃದ್ಧಿ ಸಂಸ್ಥೆ ಸಿಡ್ಕೊ ಕಟ್ಟಿದ ಬಡಾವಣೆಗಳಿವೆ. ಕಾರ್ಖಾನೆಯೂ ಮನೆಯೂ ಹೀಗೆ ಒಂದಕ್ಕೊಂದು ಅಂಟಿಕೊಂಡಿರುವ ಊರುಗಳಲ್ಲಿ ತಿಂಡಿಯ ವ್ಯಾಪಾರ ನಡೆಯುವುದು ಪಾಳಿಯ ಲೆಕ್ಕದಲ್ಲಿ. ಬೆಳಗ್ಗೆ ಬೇಕರಿ, ಹೊತ್ತು ಮುಳುಗಿದ ಮೇಲೆ ಚೈನೀಸ್ ಗಾಡಿ. ಮಹಾರಾಷ್ಟ್ರದ ಸಾಧಾರಣ ಬೀದಿಯ ರುಚಿ ತಿಳಿಯಬೇಕಾದರೆ ಈ ಎರಡನ್ನೂ ನೋಡಿದರೆ ಮುಕ್ಕಾಲು ಪಾಲು ತಿಳಿದಂತೆ.

ಇಲ್ಲಿನ ಬೇಕರಿಯ ಜೀವಾಳ ಪಾವ್. ಪೋರ್ಚುಗೀಸರ ಜೊತೆ ಪಶ್ಚಿಮ ಕರಾವಳಿಗೆ ಬಂದ ಈ ರೊಟ್ಟಿಯನ್ನು ಗೋವೆಯಲ್ಲಿ ಹಿಂದೆ ಶೇಂದಿ ಹಾಕಿ ಹುದುಗಿಸುತ್ತಿದ್ದರು. ಘಟ್ಟದ ಮೇಲೆ ಯೀಸ್ಟೇ ಗತಿ. ಹಿಟ್ಟಿನ ಉಂಡೆಗಳನ್ನು ತಟ್ಟೆಯಲ್ಲಿ ಒತ್ತೊತ್ತಾಗಿ ಇಟ್ಟು ಬೇಯಿಸುವುದರಿಂದ ಅವು ಉಬ್ಬಿ ಒಂದಕ್ಕೊಂದು ಕೂಡಿಕೊಳ್ಳುತ್ತವೆ. ಹಾಗೆ ಕೂಡಿದ ಹಲಗೆಗೆ ‘ಲಾದಿ’ ಎನ್ನುತ್ತಾರೆ. ಒಳ್ಳೆಯ ಪಾವನ್ನು ಲಾದಿಯಿಂದ ಕಿತ್ತರೆ ಬದಿ ನೂಲುನೂಲಾಗಿ ಬಿಡಿಸಿಕೊಳ್ಳುತ್ತದೆ. ಬೆರಳಲ್ಲಿ ಒತ್ತಿದರೆ ಕುಗ್ಗಿ ಮತ್ತೆ ಮೇಲೇಳುತ್ತದೆ. ನಿನ್ನೆಯದಾದರೆ ಪುಡಿ ಉದುರುತ್ತದೆ. ಪಾವಿನ ಪಕ್ಕದ ಡಬ್ಬಗಳಲ್ಲಿ ಟೋಸ್ಟ್, ನಾನ್‌ಖಟಾಯಿ, ಮತ್ತು ಪದರಪದರವಾಗಿ ಮುರಿಯುವ ಖಾರಿ. ಖಾರಿ ಎಂದ ಮಾತ್ರಕ್ಕೆ ಕನ್ನಡದವರು ಖಾರ ನಿರೀಕ್ಷಿಸಿದರೆ ಮೋಸಹೋಗುತ್ತಾರೆ. ಅದರಲ್ಲಿರುವುದು ಉಪ್ಪು, ಮೈದಾ, ಧಾರಾಳ ವನಸ್ಪತಿ. ಚಹಾಕ್ಕೆ ಅದ್ದಿದ ಕೂಡಲೇ ಬಾಯಿಗೆ ಹಾಕಿಕೊಳ್ಳಬೇಕು. ಮಾತಾಡುತ್ತ ಕುಳಿತರೆ ಅರ್ಧ ಲೋಟದ ತಳಕ್ಕೆ ಹೋಗಿರುತ್ತದೆ.

ಖಾರದ ಮಾತು ಬಂದರೆ ಕರ್ನಾಟಕದ ಅಯ್ಯಂಗಾರ್ ಬೇಕರಿಯೇ ಸೈ. ಹಾಸನದ ಕಡೆಯಿಂದ ಬಂದ ತಿರುಮಲಾಚಾರ್ ಸೋದರರು 1898ರಲ್ಲಿ ಬೆಂಗಳೂರಿನ ಚಿಕ್ಕಪೇಟೆಯಲ್ಲಿ ಬಿ.ಬಿ. ಬೇಕರಿ ತೆರೆದರು. ಬೇಕರಿ ವಿದ್ಯೆಯನ್ನು ಅವರು ಒಬ್ಬ ಇಂಗ್ಲಿಷರವನಿಂದ ಕಲಿತರೆಂಬ ಕಥೆ ರೂಢಿಯಲ್ಲಿದೆ. ಮೊಟ್ಟೆ ಮುಟ್ಟದ ಮನೆಯವರು ಮೊಟ್ಟೆಯಿಲ್ಲದೆಯೇ ಬನ್ನು, ಬಿಸ್ಕತ್ತು ಮಾಡಿದರು. ಈರುಳ್ಳಿ, ಹಸಿಮೆಣಸಿನಕಾಯಿ, ಕೊತ್ತಂಬರಿ ಬೆರೆಸಿದ ಖಾರಾ ಬನ್ ಹೀಗೆ ಬೇಕರಿಯ ಗಾಜಿನ ಪೆಟ್ಟಿಗೆಗೆ ಬಂದು ಕೂತಿತು. ಆಮೇಲೆ ಹಾಸನ ಸೀಮೆಯ ನೆಂಟರಿಷ್ಟರು ಕೆಲಸ ಕಲಿತು ಊರೂರಿಗೆ ಹರಡಿದರು. ಇವತ್ತು ಅಯ್ಯಂಗಾರ್ ಎಂಬ ಬೋರ್ಡಿನ ಹಿಂದೆ ಅಯ್ಯಂಗಾರರೇ ಇರಬೇಕೆಂದಿಲ್ಲ, ಅದನ್ನು ಯಾರೂ ಕೇಳುವುದೂ ಇಲ್ಲ. ಅಂಬಡ್‌ನ ಪಾವಿಗಿಲ್ಲದ ಒಂದು ಗುಣ ಖಾರಾ ಬನ್‌ಗೆ ಉಂಟು: ಪಾವ್ ಯಾವಾಗಲೂ ವಡೆಯನ್ನೋ ಮೊಳಕೆಕಾಳಿನ ಮಿಸಳನ್ನೋ ಕಾಯುತ್ತದೆ, ಖಾರಾ ಬನ್ ಒಂಟಿಯಾಗಿಯೇ ಹೊಟ್ಟೆ ತುಂಬಿಸುತ್ತದೆ.

ಚೈನೀಸ್ ಗಾಡಿಯ ಅಡುಗೆಯೂ ಇಂಥದೇ ಬದಲಾವಣೆಗಳಿಂದ ಹುಟ್ಟಿದ್ದು. ಬೇರು ಕೋಲ್ಕತ್ತದ ಹಕ್ಕಾ ಚೀನಿಯರಲ್ಲಿದೆ. ಕೋಲ್ಕತ್ತದಲ್ಲೇ ಹುಟ್ಟಿದ ನೆಲ್ಸನ್ ವಾಂಗ್ 1975ರಲ್ಲಿ ಮುಂಬೈನ ಕ್ರಿಕೆಟ್ ಕ್ಲಬ್ಬಿನ ಅಡುಗೆಮನೆಯಲ್ಲಿ ಚಿಕನ್ ಮಂಚೂರಿಯನ್ ಮಾಡಿದರೆಂದು ಪ್ರಸಿದ್ಧಿ. ಬೆಳ್ಳುಳ್ಳಿ, ಶುಂಠಿ, ಹಸಿಮೆಣಸು ನಮ್ಮವೇ. ಗರಂ ಮಸಾಲೆಯ ಜಾಗಕ್ಕೆ ಸೋಯಾ ಸಾಸ್ ಬಂತು, ಗೊಜ್ಜಿಗೆ ಕಾರ್ನ್‌ಫ್ಲೋರ್ ಕೂಡಿತು. ಅದು ಕ್ಲಬ್ಬಿನಿಂದ ಬೀದಿಗಿಳಿದಾಗ ಕೋಳಿ ಬಿಟ್ಟುಹೋಯಿತು. ಕರ್ನಾಟಕದಲ್ಲಿ ಆ ಜಾಗಕ್ಕೆ ಹೂಕೋಸು ಬಂದು ಗೋಬಿ ಮಂಚೂರಿ ಆಯಿತು. ಮಹಾರಾಷ್ಟ್ರದ ಗಾಡಿಯಲ್ಲಿ ಸಾಮಾನ್ಯವಾಗಿ ಸಿಗುವುದು ಎಲೆಕೋಸು, ಗಜ್ಜರಿ ತುರಿದು ಕಟ್ಟಿದ ಉಂಡೆ. ಗೋಬಿಗೆ ಪಳಗಿದ ನಾಲಿಗೆಗೆ ಅದು ಸಾಸ್‌ನಲ್ಲಿ ಮುಳುಗಿದ ಬೋಂಡದಂತೆ ಕಂಡರೆ ತಪ್ಪಿಲ್ಲ.

ಗಾಡಿಯ ಕೆಲಸ ನೋಡುವಂಥದ್ದು. ದೊಡ್ಡ ಉರಿಯ ಮೇಲೆ ಬಾಣಲೆ ಹೊಗೆಯಾಡುವಷ್ಟು ಕಾಯಬೇಕು. ಮೊದಲೇ ಬೇಯಿಸಿ ಆರಿಸಿದ ಅನ್ನ, ನೂಡಲ್ಸ್ ಬುಟ್ಟಿಯಲ್ಲಿ ಕಾದಿರುತ್ತವೆ. ಬಿಸಿ ಅನ್ನ ಹಾಕಿದರೆ ಮುದ್ದೆಯಾಗುತ್ತದೆ. ಬೆಳ್ಳುಳ್ಳಿ, ಕೋಸು, ದೊಣ್ಣೆಮೆಣಸು ಬಿದ್ದ ಎರಡು ನಿಮಿಷದಲ್ಲಿ ಪ್ಲೇಟು ಸಿದ್ಧ. ಗಾಡಿಗಳಲ್ಲಿ ಎದ್ದು ಕಾಣುವ ಎರಡು ತಿನಿಸುಗಳೆಂದರೆ ಫ್ರೈಡ್ ರೈಸ್, ನೂಡಲ್ಸ್, ಗ್ರೇವಿ ಮೂರನ್ನೂ ಸೇರಿಸಿದ ‘ಟ್ರಿಪಲ್ ಶೇಜ್ವಾನ್’ ಮತ್ತು ಕರಿದ ನೂಡಲ್ಸಿಗೆ ಹಸಿ ಕೋಸು, ಈರುಳ್ಳಿ, ಚಟ್ನಿ ಕಲಸಿದ ಚೈನೀಸ್ ಭೇಲ್. ಕೆಂಪು ಶೇಜ್ವಾನ್ ಚಟ್ನಿ ಸಿಚುವಾನ್ ಪ್ರಾಂತದ ಹೆಸರು ಹೊತ್ತಿದ್ದರೂ ಅಲ್ಲಿನ ನಾಲಿಗೆ ಜುಮ್ಮೆನ್ನಿಸುವ ಮೆಣಸು ಇದರಲ್ಲಿಲ್ಲ. ಒಣಮೆಣಸು, ಬೆಳ್ಳುಳ್ಳಿಯದೇ ಕಾರುಬಾರು. ಈಗ ಅದು ದೋಸೆಯ ಮೇಲೂ ವಡಾಪಾವಿನೊಳಗೂ ಸೇರಿದೆ.

ಕೆಂಪು ಮಾತ್ರ ತಂಟೆಯದು. 2024ರ ಮಾರ್ಚ್‌ನಲ್ಲಿ ಕರ್ನಾಟಕ ಸರ್ಕಾರ ಗೋಬಿ ಮಂಚೂರಿ ಮತ್ತು ಬಾಂಬೆ ಮಿಠಾಯಿಗೆ ಕೃತಕ ಬಣ್ಣ ಹಾಕುವುದನ್ನು ನಿಷೇಧಿಸಿತು. ಬಟ್ಟೆಗೆ ಬಳಸುವ ರೋಡಮಿನ್-ಬಿ ತಿನಿಸಿನಲ್ಲಿ ಸಿಕ್ಕಿದ್ದು ಅದಕ್ಕೆ ಒಂದು ಕಾರಣ. ಬಣ್ಣವಿಲ್ಲದ ಮಂಚೂರಿ ಸೋಯಾ ಸಾಸಿನ ಕಂದು ಬಣ್ಣಕ್ಕಿರುತ್ತದೆ, ಒಣಮೆಣಸಿನ ಚಟ್ನಿಯೂ ಹೊತ್ತು ಕಳೆದಂತೆ ಕಪ್ಪಿಗೆ ತಿರುಗುತ್ತದೆ. ರಾತ್ರಿ ಹತ್ತು ಗಂಟೆಗೂ ಕುಂಕುಮದಂತೆ ಹೊಳೆಯುವ ಬಾಣಲೆ ಕಂಡರೆ ಮುಂದಿನ ಗಾಡಿಗೆ ನಡೆಯುವುದೇ ಲೇಸು.