ಅಜ್ಜನ ಕಳ್ಳ, ಮೊಮ್ಮಗಳ ಕಳ್ಳ

ತುಮಕೂರು ಸೀಮೆಯ ಬೆಳ್ಳಾವೆಯ ನರಹರಿಶಾಸ್ತ್ರಿಗಳು ರಚಿಸಿದ ‘ಸದಾರಮೆ’ ನಾಟಕದ ಕಳ್ಳನೆಂದರೆ ಒಂದು ತಲೆಮಾರಿನ ಪ್ರೇಕ್ಷಕರಿಗೆ ಗುಬ್ಬಿ ವೀರಣ್ಣನವರೇ. ಅವರ ಮೊಮ್ಮಗಳು ಬಿ. ಜಯಶ್ರೀಯವರು ಮುಂದೆ ಅದೇ ಪಾತ್ರವನ್ನು ಧರಿಸಿದರು. ಇದನ್ನು ಪರಂಪರೆಗೆ ತೋರಿದ ವಿಧೇಯತೆ ಎನ್ನಬೇಕೋ ಸ್ವಂತಿಕೆ ಎನ್ನಬೇಕೋ ಎಂಬ ಪ್ರಶ್ನೆ ಸುಲಭದ್ದಲ್ಲ.

1884ರಲ್ಲಿ ಗುಬ್ಬಿಯಲ್ಲಿ ಆರಂಭವಾದ ಶ್ರೀ ಚನ್ನಬಸವೇಶ್ವರ ನಾಟಕ ಕಂಪನಿ ಒಂದು ದೊಡ್ಡ ಅವಿಭಕ್ತ ಕುಟುಂಬದಂತಿತ್ತು. 1891ರಲ್ಲಿ ಜನಿಸಿದ ವೀರಣ್ಣನವರು ಬಾಲಕರಾಗಿಯೇ ಅದನ್ನು ಸೇರಿದರು. ಹಿರಿಯ ನಟರನ್ನು ನೋಡಿ, ಕೇಳಿ, ಹಾಗೆಯೇ ಒಪ್ಪಿಸುವುದು ಅಲ್ಲಿನ ಕಲಿಕೆಯ ಕ್ರಮ. ‘ನನಗೆ ಹೀಗೆ ತೋರುತ್ತದೆ’ ಎಂದು ಎಳೆಯ ನಟನೊಬ್ಬ ಹೇಳುವ ಸಂದರ್ಭವೇ ವಿರಳ. ಆದರೆ ಹಾಸ್ಯಗಾರನಿಗೆ ಈ ಕಟ್ಟು ಅಷ್ಟು ಬಿಗಿಯಲ್ಲ. ಆಯಾ ಊರಿನ ಮಾತನ್ನು, ಅಂದಿನ ಸಂಗತಿಯನ್ನು ಅವನು ಆಗಿಂದಾಗ್ಗೆ ಸೇರಿಸಬಹುದಿತ್ತು. ಕಂಪನಿಯ ಒಡೆಯರಾದ ಬಳಿಕವೂ ವೀರಣ್ಣನವರು ರಾಜನ ಪಾತ್ರಕ್ಕಿಂತ ಕಳ್ಳನ ಪಾತ್ರದಿಂದಲೇ ಜನರ ನೆನಪಿನಲ್ಲಿ ಉಳಿದರು. ಶಿಸ್ತನ್ನು ವಿಧಿಸುವವರೇ ರಂಗದ ಮೇಲೆ ಶಿಸ್ತು ಮುರಿಯುವವರಾಗಿದ್ದರು!

ಬಂಟ್ವಾಳ ತಾಲ್ಲೂಕಿನ ಮಂಚಿಯಿಂದ ಮನೆ ಬಿಟ್ಟು ಓಡಿಬಂದ ಬಿ.ವಿ. ಕಾರಂತರು ಬಾಲ್ಯದಲ್ಲಿ ಸೇರಿದ್ದು ಈ ಕಂಪನಿಯನ್ನೇ. ಹುಡುಗ ಚೆನ್ನಾಗಿ ಹಾಡುತ್ತಿದ್ದನೆಂದು ವೀರಣ್ಣನವರು ಅವನನ್ನು ತಮ್ಮಲ್ಲಿಯೇ ಕಟ್ಟಿಹಾಕಲಿಲ್ಲ, ಓದಲು ಕಾಶಿಗೆ ಕಳುಹಿಸಿದರು. ಹಿರಿಯರೆಂದರೆ ಕೇವಲ ನಿರ್ಬಂಧವೆಂದು ಬರೆಯುವ ಸಂಶೋಧಕರು ಈ ಪ್ರಸಂಗವನ್ನೂ ಎದುರಿಗಿಟ್ಟುಕೊಳ್ಳಬೇಕು.

1970ರ ದಶಕದ ಹೊಸ ರಂಗಭೂಮಿಯ ತರುಣರಿಗೆ ಕಂಪನಿಯ ಬಣ್ಣದ ಪರದೆ, ಉದ್ದುದ್ದ ಹಾಡು, ಏರುದನಿಯ ಸಂಭಾಷಣೆಗಳೆಲ್ಲ ಹಳಸಲಾಗಿ ಕಂಡವು. ತಾವು ತಾವಾಗಬೇಕೆಂಬುದು ಅವರ ಹಟ. ಆದರೆ ಆ ಅಲೆಯ ಮುಂಚೂಣಿಯಲ್ಲಿದ್ದ ಕಾರಂತರ ರಂಗಸಂಗೀತದಲ್ಲಿ ಕಂಪನಿಯ ಹಾರ್ಮೋನಿಯಂ ಮತ್ತೆ ಮತ್ತೆ ಕೇಳಿಸಿತು. ಅವರಿಗೆ ಅದು ನಾಚಿಕೆಯ ವಿಷಯವಾಗಿರಲಿಲ್ಲ.

ಜಯಶ್ರೀಯವರ ಇಕ್ಕಟ್ಟು ಇದಕ್ಕಿಂತ ಗಹನವಾದದ್ದು. ಕಾರಂತರಿಗೆ ಕಂಪನಿ ತಾವೇ ಆರಿಸಿಕೊಂಡ ಮನೆ, ಇವರಿಗೋ ಹುಟ್ಟಿದ ಮನೆ. ದೆಹಲಿಯ ರಾಷ್ಟ್ರೀಯ ನಾಟಕ ಶಾಲೆಯಲ್ಲಿ ಕಲಿತು, 1976ರಲ್ಲಿ ‘ಸ್ಪಂದನ’ ತಂಡವನ್ನು ಕಟ್ಟಿದವರು ಅವರು. ಅಜ್ಜನ ಹೆಸರನ್ನು ಬದಿಗಿಟ್ಟು ನಡೆಯುವ ದಾರಿ ತೆರೆದೇ ಇತ್ತು. ಅವರು ಮರಳಿ ‘ಸದಾರಮೆ’ಗೆ ಬಂದರು. ಗಂಡಸಿನ ಪಾತ್ರ, ಅದೂ ಅಜ್ಜನ ಮುದ್ರೆ ಬಿದ್ದ ಪಾತ್ರ. ಕಂಪನಿಯ ಆರಂಭಕಾಲದಲ್ಲಿ ಗಂಡಸರು ಸ್ತ್ರೀವೇಷ ಕಟ್ಟುತ್ತಿದ್ದ ಪದ್ಧತಿಯನ್ನು ನೆನೆದರೆ, ಈ ವೇಷ ಹಳೆಯ ರೂಢಿಯನ್ನು ತಲೆಕೆಳಗು ಮಾಡಿದೆ ಎನ್ನಲೂಬಹುದು. ಅವರು ಹೆಣ್ಣುದನಿಯನ್ನು ಮರೆಮಾಚದೆ, ಅದರ ಗಡಸನ್ನೇ ಕಳ್ಳನ ಗತ್ತಾಗಿಸಿಕೊಂಡರು.

ಇಂದಿನ ವಿದ್ಯಾರ್ಥಿಗಳಲ್ಲಿ ಅನೇಕರಿಗೆ ‘ನನ್ನದೇ ಶೈಲಿ’ ಎಂಬ ಮಾತು ಪ್ರಿಯ. ಆ ಶೈಲಿ ಒಂದೇ ದೂರದರ್ಶನ ಧಾರಾವಾಹಿಯಿಂದ ಬಂದಂತೆ ತೋರುವುದು ಬೇರೆ ಮಾತು. ಅವರಲ್ಲೊಬ್ಬರಿಗೆ ‘ಸದಾರಮೆ’ಯ ಕಳ್ಳನ ಪಾತ್ರ ಕೊಟ್ಟರೆ ಮೊದಲು ವೀರಣ್ಣನವರಂತೆ ನಟಿಸಲು ಯತ್ನಿಸುವರೋ, ಜಯಶ್ರೀಯವರಂತೆಯೋ? ಕೈಗೆ ಕೊಡಬಹುದಾದ ಕಳ್ಳರು ಈಗ ಇಬ್ಬರು.