ನಮ್ಮೂರ ನೀರು, ಕಂತು 4: ಕೊಳಚೆ ನೀರು ಯಾರ ಹೆಸರನ್ನೂ ಕೇಳುವುದಿಲ್ಲ

ಹೋದ ಕಂತಿನಲ್ಲಿ ತುಂಬೆ ಅಣೆಕಟ್ಟಿನಿಂದ ನೇತ್ರಾವತಿ ನಮ್ಮ ನಳ್ಳಿಗೆ ಬರುವ ದಾರಿ ನೋಡಿದ್ದೆವು. ಇವತ್ತು ಉಲ್ಟಾ ದಾರಿ. ಬಾತ್‌ರೂಮಿನಿಂದ ಹೊರಗೆ ಹೋದ ನೀರಿನದ್ದು. ಛೀ ಅಂತ ಸ್ಕ್ರೋಲ್ ಮಾಡಬೇಡಿ, ಸ್ವಲ್ಪ ನಿಲ್ಲಿ. ಊರಿನ ಆರೋಗ್ಯದ ಬಗ್ಗೆ ಆ ನೀರಿಗೆ ಗೊತ್ತಿರುವಷ್ಟು ನಮ್ಮ ವಾಟ್ಸಾಪ್ ಗ್ರೂಪುಗಳಿಗೂ ಗೊತ್ತಿಲ್ಲ.

ಮೊದಲ ಫೋಟೋ: ಒಂದು ಮ್ಯಾನ್‌ಹೋಲ್ ಮುಚ್ಚಳ. ಅಷ್ಟೇ. ಅದರ ಕೆಳಗೆ ಹರಿಯುವುದೇ ಇವತ್ತಿನ ವಿಷಯ.

ನಮಗೆ ಸೋಂಕು ತಗಲುವ ಎಷ್ಟೋ ವೈರಸ್‌ಗಳು ಮಲದಲ್ಲಿ ಹೊರಗೆ ಹೋಗುತ್ತವೆ. ಪೋಲಿಯೋ, ಹೆಪಟೈಟಿಸ್ ಎ, ಹೆಪಟೈಟಿಸ್ ಇ, ರೋಟಾ ಎಲ್ಲ ಹಾಗೆಯೇ. ಕೊರೋನಾದ ತುಣುಕುಗಳೂ ಹೋಗುತ್ತವೆ. ಜ್ವರ ಬಂದವರದ್ದು ಮಾತ್ರ ಅಲ್ಲ, ಏನೂ ಆಗದೆ ಆರಾಮಾಗಿ ತಿರುಗಾಡುವವರದ್ದೂ. ಮಂಗಳೂರಿನಲ್ಲಿ ಕಾವೂರು, ಬಜಾಲ್, ಸುರತ್ಕಲ್, ಪಚ್ಚನಾಡಿಗಳಲ್ಲಿ ಎಸ್‌ಟಿಪಿ, ಅಂದರೆ ಕೊಳಚೆ ನೀರು ಶುದ್ಧೀಕರಿಸುವ ಘಟಕಗಳುಂಟು. ಇಂಥ ಒಂದು ಘಟಕದ ಬಾಯಿಯಲ್ಲಿ ಒಂದು ಬಾಟಲಿ ನೀರು ತುಂಬಿಸಿದರೆ, ಆ ಪೈಪಿಗೆ ಸೇರಿದ ಸಾವಿರಾರು ಮನೆಗಳ ಪರೀಕ್ಷೆ ಒಂದೇ ಸಲಕ್ಕೆ ಆದ ಹಾಗೆ. ಮೂಗಿಗೆ ಕಡ್ಡಿ ಹಾಕುವುದಿಲ್ಲ. ಹೆಸರು, ಫೋನ್ ನಂಬರ್, ಆಧಾರ್ ಯಾವುದೂ ಬೇಡ.

ಲ್ಯಾಬಿನಲ್ಲಿ ಮಾಡುವುದು ಇಷ್ಟು: ನೀರಿನ ಕಸ ತೆಗೆದು, ಅದರಲ್ಲಿರುವ ವೈರಸ್ ತುಣುಕುಗಳನ್ನು ಚಿಕ್ಕ ಹನಿಗೆ ಒಟ್ಟುಮಾಡಿ, ಆರ್‌ಎನ್‌ಎ ಬೇರ್ಪಡಿಸಿ, ಪಿಸಿಆರ್ ಯಂತ್ರಕ್ಕೆ ಹಾಕುವುದು. ಹುಡುಕುತ್ತಿರುವ ತುಣುಕು ಅದರಲ್ಲಿದ್ದರೆ ಯಂತ್ರ ಅದನ್ನು ಸುತ್ತು ಸುತ್ತಿಗೂ ದುಪ್ಪಟ್ಟು ಮಾಡುತ್ತಾ ಹೋಗುತ್ತದೆ. ಬೇಗ ಕಂಡರೆ ಜಾಸ್ತಿ ಉಂಟು, ತಡವಾಗಿ ಕಂಡರೆ ಕಡಿಮೆ ಉಂಟು ಅಂತ ಲೆಕ್ಕ.

ಆದರೆ ಮಳೆ ಬಂದು ನೀರು ತೆಳುವಾದರೆ? ಅದಕ್ಕೊಂದು ಮಜಾ ಉಪಾಯ ಉಂಟು. ಮೆಣಸಿನ ಗಿಡಕ್ಕೆ ಬರುವ ಒಂದು ವೈರಸ್ ನಾವು ತಿಂದ ಮೆಣಸಿನ ಜೊತೆ ಹೊಟ್ಟೆಗೆ ಹೋಗಿ, ನಮಗೆ ಏನೂ ಮಾಡದೆ ಹಾಗೇ ಹೊರಗೆ ಬರುತ್ತದೆ. ನೀರಿನಲ್ಲಿ ಅದು ಎಷ್ಟುಂಟು ಅಂತ ನೋಡಿದರೆ ಮನುಷ್ಯರ ಮಲ ಎಷ್ಟು ಸೇರಿದೆ ಅಂತ ಅಂದಾಜು ಸಿಗುತ್ತದೆ. ಕೋರಿ ಗಸಿ ತಿನ್ನುವ ನಮ್ಮೂರಿನಲ್ಲಿ ಅದಕ್ಕೆ ಬರಗಾಲ ಇರಲಿಕ್ಕಿಲ್ಲ!

ಇದು ಎಲ್ಲಿಯೋ ವಿದೇಶದ ಕತೆಯೂ ಅಲ್ಲ. ಮುಂಬಯಿಯ ಚರಂಡಿ ನೀರಿನಲ್ಲಿ ಪೋಲಿಯೋ ವೈರಸ್ ಹುಡುಕುವ ಕೆಲಸ 2001ರಲ್ಲೇ ಶುರುವಾಗಿತ್ತು. ಕಾಡು ಪೋಲಿಯೋ ತಗಲಿದ ಕೊನೆಯ ಮಗು ನಮ್ಮ ದೇಶದಲ್ಲಿ ಸಿಕ್ಕಿದ್ದು 2011ರ ಜನವರಿಯಲ್ಲಿ, ಪಶ್ಚಿಮ ಬಂಗಾಳದ ಹೌರಾದಲ್ಲಿ. ಆಮೇಲೂ ಚರಂಡಿಯ ಮೇಲಿನ ಕಣ್ಣು ತೆಗೆಯಲಿಲ್ಲ. ಕೊರೋನಾ ಬಂದಾಗ ಬೆಂಗಳೂರಿನಲ್ಲೂ ಇದೇ ಕೆಲಸ ಆಯ್ತು. ಟಾಟಾ ಇನ್‌ಸ್ಟಿಟ್ಯೂಟ್ ಫಾರ್ ಜೆನೆಟಿಕ್ಸ್ ಆಂಡ್ ಸೊಸೈಟಿಯ ವಿಜ್ಞಾನಿ ಫರಾ ಇಶ್ತಿಯಾಕ್ ಮತ್ತು ಅವರ ತಂಡದವರು 2022ರಲ್ಲಿ ನಗರದ 28 ಎಸ್‌ಟಿಪಿಗಳ ನೀರು ತಂದು, ವೈರಸ್ ಏರುವುದು ಇಳಿಯುವುದು, ಯಾವ ರೂಪಾಂತರ ಓಡಾಡುತ್ತಿದೆ ಎಂಬುದನ್ನೆಲ್ಲ ನೋಡಿದರು. ಇಶ್ತಿಯಾಕ್ ಅದಕ್ಕೆ ಮೊದಲು ಹಕ್ಕಿಗಳ ಮಲೇರಿಯಾ ಅಧ್ಯಯನ ಮಾಡಿದವರು. ಯಾವ ಸಬ್ಜೆಕ್ಟ್ ತಗೊಳ್ಳುದು ಅಂತ ತಲೆಬಿಸಿ ಮಾಡಿಕೊಂಡಿರುವ ಕ್ಲಾಸ್‌ಮೇಟ್‌ಗಳೇ, ಇದನ್ನು ಗಮನಿಸಿ.

ಈಗ 2020 ನೆನಪು ಮಾಡಿಕೊಳ್ಳಿ. ಬಾಗಿಲಿಗೆ ಅಂಟಿಸಿದ ಚೀಟಿ, ದಾರಿಗೆ ಅಡ್ಡ ಕಟ್ಟಿದ ಟೇಪು, "ಅವರ ಮನೇಲಿ ಉಂಟಂತೆ" ಎಂಬ ಪಿಸುಮಾತು. ಕಾಯಿಲೆಗಿಂತ ಹೆಸರು ಹೊರಬೀಳುವ ಹೆದರಿಕೆಯೇ ದೊಡ್ಡದಾಗಿ, ಎಷ್ಟೋ ಜನ ಪರೀಕ್ಷೆಗೇ ಹೋಗಲಿಲ್ಲ. ಕೊಳಚೆ ನೀರಿಗೆ ಆ ತೊಂದರೆ ಇಲ್ಲ. ಅದು ಊರಿನ ಸುದ್ದಿ ಹೇಳುತ್ತದೆ, ಮನೆಯ ಸುದ್ದಿ ಹೇಳುವುದಿಲ್ಲ.

ಎರಡನೇ ಫೋಟೋಕ್ಕೆ ಸ್ವೈಪ್ ಮಾಡಿ. ಕುಲಶೇಖರ, ನಮ್ಮ ಓಣಿ. ಡೈರಿ, ಚರ್ಚು, ಮೂಡಬಿದ್ರೆ ರೋಡು ಅಂದರೆ ನಿಮಗೆ ಗೊತ್ತಾಗುತ್ತದೆ. ರೋಡಿನಿಂದ ಇಳಿದರೆ ಗುಡ್ಡದ ಮೈಗೆ ಅಂಟಿದ ಹಾಗೆ ಮನೆಗಳು. ನಮ್ಮ ಓಣಿಯ ಮನೆಗಳಿಗೆ ಯುಜಿಡಿ ಪೈಪ್ ಇನ್ನೂ ಬಂದಿಲ್ಲ, ಪ್ರತಿ ಮನೆಗೂ ಪಿಟ್ಟೇ. ಅಂದರೆ ನಮ್ಮ ಓಣಿಯ ಸುದ್ದಿ ಯಾವ ಎಸ್‌ಟಿಪಿಗೂ ತಲುಪುವುದಿಲ್ಲ. ಮಣ್ಣಿಗೆ ಹೋಗುತ್ತದೆ. ಮಣ್ಣಿನಿಂದ ಎಲ್ಲಿಗೆ?

ಲೆಕ್ಕ ಹಾಕುವ. ಕುಡಿಯುವ ನೀರಿನ ಬಾವಿಗೂ ಪಿಟ್ಟಿಗೂ ಕನಿಷ್ಠ 15 ಮೀಟರ್ ಆದರೂ ದೂರ ಇರಬೇಕು ಅಂತ ಸಾಮಾನ್ಯವಾಗಿ ಹೇಳುತ್ತಾರೆ. ಐದು ಸೆಂಟ್ಸ್ ಜಾಗ ಅಂದರೆ ಸುಮಾರು 202 ಚದರ ಮೀಟರ್. ಚೌಕಾಕಾರದಲ್ಲಿದ್ದರೆ ಒಂದೊಂದು ಬದಿ 14 ಮೀಟರ್ ಚಿಲ್ಲರೆ. ಬಾವಿ ಒಂದು ಮೂಲೆಗೆ, ಪಿಟ್ ಎದುರಿನ ಮೂಲೆಗೆ ಹಾಕಿದರೆ ನಮ್ಮ ಮಟ್ಟಿಗೆ ಸರಿ. ಆದರೆ ಕಾಂಪೌಂಡಿನ ಆಚೆ ಬದಿ ಪಕ್ಕದ ಮನೆಯ ಪಿಟ್ ಉಂಟಲ್ಲ? ನಮ್ಮ ಪಿಟ್ಟಿನ ಆಚೆ ಬದಿ ಅವರ ಬಾವಿ ಉಂಟಲ್ಲ? ಕೆಳಗಿರುವುದು ಮುರಕಲ್ಲು, ತೂತು ತೂತು. ಮಳೆಗಾಲದಲ್ಲಿ ಮೇಲಿನ ಮನೆಯ ನೀರು ಕೆಳಗಿನ ಬಾವಿಗೆ ಬರಲಿಕ್ಕೆ ಗೋಡೆಯ ಪರ್ಮಿಶನ್ ಕೇಳುವುದಿಲ್ಲ.

"ನಮ್ಮ ಬಾವಿ ನೀರು ಕನ್ನಡಿಯ ಹಾಗೆ ಉಂಟು" ಅಂತ ಹೇಳ್ತೀರಿ, ಗೊತ್ತು. ಒಂದು ಎಂಟರೋವೈರಸ್ಸಿನ ಅಗಲ ಸುಮಾರು 30 ನ್ಯಾನೋಮೀಟರ್. ಒಂದು ಮಿಲಿಮೀಟರಿನಲ್ಲಿ 30 ಸಾವಿರಕ್ಕಿಂತ ಹೆಚ್ಚು ವೈರಸ್‌ಗಳನ್ನು ಸಾಲಾಗಿ ನಿಲ್ಲಿಸಬಹುದು. ಕಣ್ಣಿಗೂ ಕಾಣುವುದಿಲ್ಲ, ಬಟ್ಟೆಯಲ್ಲಿ ಸೋಸಿದರೂ ನಿಲ್ಲುವುದಿಲ್ಲ. ಬ್ಯಾಕ್ಟೀರಿಯಾ ಇಲ್ಲ ಅಂತ ರಿಪೋರ್ಟ್ ಬಂದರೆ ವೈರಸ್ಸೂ ಇಲ್ಲ ಅಂತ ಅರ್ಥವೂ ಅಲ್ಲ. 1955ರ ಕೊನೆಗೆ ದೆಹಲಿಯಲ್ಲಿ ಯಮುನೆಯ ಹರಿವು ಬದಲಾಗಿ, ನಗರಕ್ಕೆ ನೀರೆತ್ತುವ ಜಾಗಕ್ಕೇ ಕೊಳಚೆ ಸೇರಿತು. ಕ್ಲೋರಿನ್ ಜಾಸ್ತಿ ಹಾಕಿದರು. ಬ್ಯಾಕ್ಟೀರಿಯಾ ಸತ್ತವು, ಟೈಫಾಯ್ಡ್ ಏರಲಿಲ್ಲ. ಆದರೆ 29,000ಕ್ಕೂ ಹೆಚ್ಚು ಜನರಿಗೆ ಕಾಮಾಲೆ ಬಂತು. ಅದಕ್ಕೆ ಕಾರಣವಾದ ವೈರಸ್ಸಿಗೆ ಹೆಪಟೈಟಿಸ್ ಇ ಎಂಬ ಹೆಸರು ಬಂದದ್ದು ದಶಕಗಳ ನಂತರ. ಅದು ಬಸುರಿಯರಿಗೆ, ಅದರಲ್ಲೂ ಕೊನೆಯ ತಿಂಗಳುಗಳಲ್ಲಿ, ಪ್ರಾಣಕ್ಕೇ ಅಪಾಯ ತರಬಹುದಾದ ಕಾಯಿಲೆ.

ನಮ್ಮ ಮಂಗಳೂರಿನ ಮೀನುಗಾರಿಕಾ ಕಾಲೇಜಿನಲ್ಲಿ ಇಡ್ಯ ಕರುಣಾಸಾಗರ್, ಇಂದ್ರಾಣಿ ಕರುಣಾಸಾಗರ್ ಮತ್ತು ಅವರ ಜೊತೆಗಾರರು ನೀರಿನ ಬದಲು ಚಿಪ್ಪಿನೊಳಗೆ ಹುಡುಕಿದರು. ಮರ್ವಾಯಿ, ಸಿಂಪಿ ಇವೆಲ್ಲ ಇಡೀ ದಿನ ನೀರು ಸೋಸಿಯೇ ಹೊಟ್ಟೆ ಹೊರೆಯುವ ಜೀವಿಗಳು. ನದಿಗೆ ಬಂದದ್ದು ಅವುಗಳೊಳಗೆ ಸೇರುತ್ತದೆ. 2008ರಲ್ಲಿ ಪ್ರಕಟವಾದ ಅವರ ಅಧ್ಯಯನದಲ್ಲಿ, ಸಿಗಡಿಯೂ ಸೇರಿ ಈ ಕರಾವಳಿಯ 194 ಮಾದರಿಗಳಿದ್ದವು. ಸಿಂಪಿಯ 37%, ಮರ್ವಾಯಿಯ 46% ಮಾದರಿಗಳಲ್ಲಿ ಮನುಷ್ಯರ ಎಂಟರೋವೈರಸ್ ಸಿಕ್ಕಿತು. ಹೆಪಟೈಟಿಸ್ ಎ ಸಿಗಲಿಲ್ಲ, ಅದನ್ನೂ ಹೇಳಬೇಕು. ಮರ್ವಾಯಿ ಸುಕ್ಕ ಬಿಡಬೇಕಾಗಿಲ್ಲ ಮಾರಾಯ್ರೆ, ಚೆನ್ನಾಗಿ ಬೇಯಿಸಿ. ಆದರೆ ನಾವು ಫ್ಲಶ್ ಮಾಡಿದ್ದು ಎಲ್ಲಿಯವರೆಗೆ ಹೋಗಿ, ಯಾವ ಬಟ್ಟಲಲ್ಲಿ ವಾಪಸ್ ಬರುತ್ತದೆ ಅಂತ ಗೊತ್ತಿರಲಿ.

ಮೂರನೇ ಫೋಟೋ: ಕಪ್ಪು ನೀರಿನ ಚಿಕ್ಕ ಬಾಟಲಿ. ಇದು ಎಚ್‌ಟುಎಸ್ ಪರೀಕ್ಷೆ. 1982ರಲ್ಲಿ ನಮ್ಮ ದೇಶದ ವಿಜ್ಞಾನಿಗಳೇ ಪ್ರಕಟಿಸಿದ ಸುಲಭದ ವಿಧಾನ. ಬಾಟಲಿಗೆ ಬಾವಿ ನೀರು ತುಂಬಿಸಿ ಒಂದೆರಡು ದಿನ ಇಟ್ಟಾಗ ಕಪ್ಪಾದರೆ, ಮಲದ ಬ್ಯಾಕ್ಟೀರಿಯಾ ಸೇರಿರುವ ಸಾಧ್ಯತೆ ಜಾಸ್ತಿ. ಪಿಟ್ಟಿನಿಂದ ಬಾವಿಗೆ ದಾರಿ ಆಗಿದೆ, ಆ ದಾರಿಯಲ್ಲಿ ವೈರಸ್ಸೂ ಬರಬಹುದು ಅಂತ ತಿಳಿಯಬೇಕು. ಕಪ್ಪಾಗದಿದ್ದರೆ ವೈರಸ್ ಇಲ್ಲ ಅಂತ ಮಾತ್ರ ಅಲ್ಲ.

ಡಿಸರ್ಟೇಶನ್‌ಗೆ ಅಂತ ನಮ್ಮ ಓಣಿಯ ಬಾವಿಗಳನ್ನು ಪರೀಕ್ಷೆ ಮಾಡುವ ಅಂತ ನಾನು ಹೊರಟೆ. ಪಕ್ಕದ ಮನೆಯ ಬಾಯಮ್ಮ ಗೇಟಲ್ಲೇ ನಿಲ್ಲಿಸಿದರು. "ಎಂತ ಮಗಾ, ನಮ್ಮ ಬಾವಿಗೆ ಎಂತ ಆಗಿದೆ? ಮಾವನ ಕಾಲದ ಬಾವಿ. ಬೇಸಿಗೆಯಲ್ಲಿ ಇಡೀ ಓಣಿಗೆ ನೀರು ಕೊಟ್ಟದ್ದು." ಸಿಟ್ಟಿನಲ್ಲಿ ಹೇಳಿದ್ದಲ್ಲ, ಬೇಸರದಲ್ಲಿ. ಬಾವಿ ಹಾಳಾಗಿದೆ ಅಂದರೆ ಮನೆ ಹಾಳಾಗಿದೆ ಅಂದ ಹಾಗೆ ಕೇಳಿಸುತ್ತದೆ ನಮ್ಮಲ್ಲಿ. ಆದರೆ ಅವರ ಮಗಳು ಏಳು ತಿಂಗಳ ಬಸುರಿ, ಮಸ್ಕತ್‌ನಿಂದ ಹೆರಿಗೆಗೆ ಬರುವವಳಿದ್ದಳು. ನನಗೆ ಸುಮ್ಮನೆ ವಾಪಸ್ ಬರಲಿಕ್ಕೆ ಆಗಲಿಲ್ಲ.

ಬಾಟಲಿಗೆ ಹೆಸರು ಬರೆಯುವುದಿಲ್ಲ, ನಂಬರ್ ಮಾತ್ರ, ಒಂದನೇ ನಂಬರ್ ನಮ್ಮ ಮನೆಯದ್ದು ಅಂದೆ. ಅದು ಎರಡು ದಿನದಲ್ಲಿ ಕಪ್ಪಾಯ್ತು. ಅದನ್ನೇ ತಗೊಂಡು ಹೋಗಿ ಅವರಿಗೆ ತೋರಿಸಿದೆ. ಬಾಯಮ್ಮ ತುಂಬ ಹೊತ್ತು ನೋಡಿದರು. ಆಮೇಲೆ ಅವರೇ ಹೋಗಿ ಬಾವಿಯಿಂದ ಒಂದು ಕೊಡ ನೀರು ಸೇದಿದರು. ಅವರದ್ದೂ ಕಪ್ಪಾಯ್ತು. "ಯಾರ ಪಿಟ್ಟಿಂದ ಬಂದದ್ದು ಮಗಾ?" ಅಂತ ಕೇಳಿದರು. ಅದನ್ನು ಈ ಬಾಟಲಿ ಹೇಳುವುದಿಲ್ಲ ಬಾಯಮ್ಮ ಅಂದೆ. "ಒಳ್ಳೇದಾಯ್ತು" ಅಂದರು.

ಯೋಚನೆ ಮಾಡಿ. ಹೆಸರು ಗೊತ್ತಾಗಿದ್ದರೆ ಜಗಳ ಆಗುತ್ತಿತ್ತು. ಗೊತ್ತಾಗದ ಕಾರಣ ಓಣಿಯವರು ಒಟ್ಟಿಗೆ ಕೂತರು. ಯುಜಿಡಿಗೆ ಎಲ್ಲರ ಸಹಿ ಹಾಕಿದ ಅರ್ಜಿ ತಯಾರಾಯ್ತು. ಪೈಪ್ ಬರುವಾಗ ಬರಲಿ, ಅಲ್ಲಿಯವರೆಗೆ ಕುದಿಸಿಯೇ ಕುಡಿಯುವುದು ಅಂತ ತೀರ್ಮಾನ. ಮಗಳು ಬಂದಿದ್ದಾಳೆ. ಬಾಯಮ್ಮ ದಿನಾ ಬೆಳಿಗ್ಗೆ ದೊಡ್ಡ ಪಾತ್ರೆಯಲ್ಲಿ ಜೀರಿಗೆ ಹಾಕಿ ನೀರು ಕುದಿಸುತ್ತಾರೆ.

ನಿಮಗೆ ಹೋಂವರ್ಕ್:

ಒಂದು, ಬಾವಿ ನೀರು ಬುಳುಬುಳು ಅಂತ ಕುದಿಯಲಿಕ್ಕೆ ಶುರುವಾದ ಮೇಲೆ ಪೂರ್ತಿ ಒಂದು ನಿಮಿಷ ಬಿಡಿ. ಬಿಸಿ ಆದರೆ ಸಾಕಾಗುವುದಿಲ್ಲ.

ಎರಡು, ಮನೆಯ ಬಾವಿಯಿಂದ ನಿಮ್ಮ ಪಿಟ್ಟಿಗೂ ಪಕ್ಕದ ಮನೆಯ ಪಿಟ್ಟಿಗೂ ಎಷ್ಟು ಮೀಟರ್ ಅಂತ ಅಳೆದು ನೋಡಿ.

ಮೂರು, ಮಳೆಗಾಲ ಶುರುವಾದ ಮೇಲೆ ಒಮ್ಮೆ ನೀರು ಪರೀಕ್ಷೆ ಮಾಡಿಸಿ. ಓಣಿಯವರೆಲ್ಲ ಒಟ್ಟಿಗೆ ಮಾಡಿಸಿದರೆ ಇನ್ನೂ ಒಳ್ಳೇದು.

ರಿಸಲ್ಟ್ ಬಂದಾಗ ಯಾರದ್ದು ಅಂತ ಹುಡುಕಬೇಡಿ. ಮುರಕಲ್ಲಿನ ಕೆಳಗೆ ಇರುವುದು ಎಲ್ಲರಿಗೂ ಒಂದೇ ನೀರು.

ಮುಂದಿನ ಕಂತಿನಲ್ಲಿ ಫಲ್ಗುಣಿ ನದಿ. ಈ ಪೋಸ್ಟನ್ನು ಬಾವಿ ಇರುವ ಒಬ್ಬರಿಗಾದರೂ ಕಳಿಸಿ.

#ನಮ್ಮೂರನೀರು #ಕುಲಶೇಖರ #ಮಂಗಳೂರು