ಗಸಗಸೆಯ ಹೊಲ, ಗೋಧಿಯ ಲೆಕ್ಕ

ಕೊಡುವ ಕೈ ಮೇಲೆ, ಬೇಡುವ ಕೈ ಕೆಳಗೆ ಎಂದು ಹಿರಿಯರು ಹೇಳುವುದುಂಟು. ಮೇಲಿರುವ ಕೈಗೆ ಒಂದು ಅನುಕೂಲವಿದೆ. ಏನನ್ನು ಕೊಡಬೇಕು, ಎಷ್ಟು ಕೊಡಬೇಕು, ಎಂದು ಕೊಡಬೇಕು ಎಂಬುದನ್ನು ನಿಶ್ಚಯಿಸುವ ಅಧಿಕಾರ ಅದರದೇ. ಕೆಳಗಿನ ಕೈಗೆ ಬೇಕಾಗಿದ್ದುದು ಏನು ಎಂಬ ಪ್ರಶ್ನೆ ಎಷ್ಟೋ ವೇಳೆ ಎಲ್ಲವನ್ನೂ ಕೊಟ್ಟು ಮುಗಿದ ಮೇಲೆ ಹುಟ್ಟುತ್ತದೆ. ಮದುವೆಯ ಉಡುಗೊರೆಯಾಗಿ ಏಳು ಗೋಡೆ ಗಡಿಯಾರಗಳು ಬಂದು, ಅನ್ನಕ್ಕಿಡಲು ಒಂದು ಪಾತ್ರೆಯೂ ಇಲ್ಲದಿದ್ದರೆ ಮನೆಯವರು ನಕ್ಕು ಸುಮ್ಮನಾದಾರು. ಯುದ್ಧದ ನೆಲದಲ್ಲಿ ಹಳ್ಳಿಗಳನ್ನು ಉದ್ಧರಿಸಲು ಹೊರಟವರು ಇದೇ ಎಡವಟ್ಟನ್ನು ಮಾಡಿದರೆ ನಗುವವರು ಯಾರೂ ಇರುವುದಿಲ್ಲ. ಆಫ್ಘಾನಿಸ್ತಾನದ ಹೆಲ್ಮಂಡ್ ಕಣಿವೆಯ ವೃತ್ತಾಂತ ಅಂಥದು.

ಕಾಬೂಲಿನ ಪಶ್ಚಿಮದ ಪರ್ವತಗಳಲ್ಲಿ ಹುಟ್ಟುವ ಹೆಲ್ಮಂಡ್ ನದಿ ಸಾವಿರ ಕಿಲೋಮೀಟರಿಗೂ ಹೆಚ್ಚು ದೂರ ಹರಿದು, ಇರಾನಿನ ಗಡಿಯ ಸಿಸ್ತಾನದ ಜೌಗಿನಲ್ಲಿ ಇಂಗಿಹೋಗುತ್ತದೆ. ಸಮುದ್ರವನ್ನು ಸೇರುವ ಭಾಗ್ಯ ಅದಕ್ಕಿಲ್ಲ. ಈ ನದಿಯನ್ನು ಪಳಗಿಸುವ ಕೆಲಸವನ್ನು 1946ರಲ್ಲಿ ಆಫ್ಘನ್ ಸರಕಾರ ಅಮೆರಿಕದ ಮಾರಿಸನ್-ಕ್ನೂಡ್ಸನ್ ಕಂಪೆನಿಗೆ ಒಪ್ಪಿಸಿತು. ಹೂವರ್ ಅಣೆಕಟ್ಟನ್ನು ಕಟ್ಟಿದವರಲ್ಲಿ ಆ ಕಂಪೆನಿಯೂ ಒಂದು. ಮೊದಲು ಸುರಿದ ಹಣ ಯಾರ ದಾನವೂ ಆಗಿರಲಿಲ್ಲ. ಕಾರಕೂಲ್ ಕುರಿಮರಿಗಳ ತುಪ್ಪುಳುಚರ್ಮವನ್ನು ಹೊರನಾಡಿಗೆ ಮಾರಿ, ಎರಡನೆಯ ಮಹಾಯುದ್ಧದ ಕಾಲದಲ್ಲಿ ಆ ಬಡ ದೇಶ ಕೂಡಿಟ್ಟಿದ್ದ ಡಾಲರುಗಳವು. ಅವು ಕರಗಿದ ಮೇಲೆ ಸಾಲ ಬಂದಿತು; ಸಾಲದ ಬೆನ್ನ ಹಿಂದೆಯೇ ನೆರವು ಬಂದಿತು. ಅಮೆರಿಕದ ಟೆನೆಸೀ ಕಣಿವೆ ಯೋಜನೆಯ ಮಾದರಿಯಲ್ಲಿ 1952ರಲ್ಲಿ ಒಂದು ಕಣಿವೆ ಪ್ರಾಧಿಕಾರವೂ ಸ್ಥಾಪನೆಯಾಯಿತು. 1953ರ ಹೊತ್ತಿಗೆ ಕಜಾಕಿಯಲ್ಲಿ ಸುಮಾರು ನೂರು ಮೀಟರು ಎತ್ತರದ ಕಟ್ಟೆ ಎದ್ದು ನಿಂತಿತು. ಲಷ್ಕರ್ ಗಾಹ್ ಪಟ್ಟಣದಲ್ಲಿ ಇಂಜಿನಿಯರರಿಗಾಗಿ ಕಟ್ಟಿದ ಬಡಾವಣೆಯನ್ನು ಕಂಡವರು ಅದನ್ನು 'ಪುಟ್ಟ ಅಮೆರಿಕ' ಎಂದು ಕರೆದರು.

ಅಲೆಮಾರಿ ಪಂಗಡಗಳನ್ನು ಕರೆತಂದು ನಾದ್-ಎ-ಅಲಿ, ಮಾರ್ಜಾ ಎಂಬ ಹೊಸ ನೆಲೆಗಳಲ್ಲಿ ಒಕ್ಕಲು ಮಾಡಿಸಲಾಯಿತು. ಮರುಭೂಮಿಯಲ್ಲಿ ಕಾಲುವೆಯ ನೀರು ಹರಿಯಿತು. ಆದರೆ ಆ ಮಣ್ಣಿನ ಕೆಳಗೆ ನೀರು ಇಳಿಯಲಾರದ ಗಟ್ಟಿ ಪದರವೊಂದಿತ್ತು. ಹರಿಸಿದ ನೀರು ಕೆಳಗಿಳಿಯದೆ ಮೇಲೇರಿತು, ಏರುವಾಗ ಉಪ್ಪನ್ನೂ ಹೊತ್ತು ತಂದಿತು. ತುಂಗಭದ್ರೆಯ ಅಚ್ಚುಕಟ್ಟಿನ ರೈತರಿಗೆ ಸವಳು, ಜವಳು ಎಂಬ ಮಾತುಗಳನ್ನು ಬಿಡಿಸಿ ಹೇಳಬೇಕಾಗಿಲ್ಲ. ನೀರು ತರುವ ಕಾಲುವೆಯಷ್ಟೇ ಹೆಚ್ಚಿನ ನೀರನ್ನು ಹೊರಗೊಯ್ಯುವ ಬಸಿಗಾಲುವೆಯೂ ಅವಶ್ಯ. ಹೆಲ್ಮಂಡಿನಲ್ಲಿ ಮೊದಲನೆಯದರ ಮೇಲಿದ್ದ ಶ್ರದ್ಧೆ ಎರಡನೆಯದರ ಮೇಲಿರಲಿಲ್ಲ. ಅಣೆಕಟ್ಟಿನ ಭಾವಚಿತ್ರ ಪತ್ರಿಕೆಗಳಲ್ಲಿ ಅಚ್ಚಾಗುತ್ತದೆ. ಬಸಿಗಾಲುವೆಯ ಚಿತ್ರವನ್ನು ಯಾರು ಅಚ್ಚು ಹಾಕಿಸುತ್ತಾರೆ? ಹೊಲ ಬೆಳ್ಳಗಾಗುವುದನ್ನು ಕಂಡು ಎಷ್ಟೋ ಹೊಸ ಒಕ್ಕಲುಗಳು ಗಂಟುಮೂಟೆ ಕಟ್ಟಿ ಹೊರಟುಹೋದವು.

1979ರ ಡಿಸೆಂಬರಿನಲ್ಲಿ ಸೋವಿಯತ್ ಸೇನೆ ದೇಶದೊಳಗೆ ನುಗ್ಗಿತು. ಆ ಮೇಲಿನ ದಶಕಗಳ ಕಾಳಗದಲ್ಲಿ ಕಾಲುವೆಗಳು ಹೂಳು ತುಂಬಿದವು, ಹಣ್ಣಿನ ತೋಟಗಳು ಹಾಳಾದವು. ಅದೇ ಕಾಲುವೆಗಳ ಬದಿಯಲ್ಲಿ ಗಸಗಸೆ ಬೆಳೆಯಿತು. ಇಲ್ಲಿಯ ಅಡಿಗೆಮನೆಯಲ್ಲಿ ಪಾಯಸಕ್ಕೆ ಒದಗುವ ಕಾಳಿನ ಗಿಡವೇ ಅದು. ಅದರ ಎಳೆಯ ಕಾಯಿಯನ್ನು ಗೀರಿದಾಗ ಒಸರುವ ಹಾಲೇ ಒಣಗಿ ಅಫೀಮಾಗುತ್ತದೆ.

ಈ ಬೆಳೆಯನ್ನು ಹಿಡಿದ ರೈತನನ್ನು ದುರಾಶೆಯವನೆಂದು ಹಳಿಯುವುದು ಸುಲಭ. ಅವನ ಲೆಕ್ಕವನ್ನು ಕೇಳಿದರೆ ಬೇರೆಯೇ ಚಿತ್ರ ಕಾಣುತ್ತದೆ. ದಾಳಿಂಬೆಯನ್ನಾಗಲಿ ದ್ರಾಕ್ಷಿಯನ್ನಾಗಲಿ ಪೇಟೆಗೆ ಒಯ್ಯಬೇಕಾದರೆ ದಾರಿ ನೆಟ್ಟಗಿರಬೇಕು. ನಾಕಾ ನಾಕಾದಲ್ಲಿ ನಿಂತ ಬಂದೂಕಿನವರ ಕೈ ಬೆಚ್ಚಗೆ ಮಾಡಬೇಕು. ಒಂದು ದಿನ ಗುಂಡಿನ ಕಾಳಗ ನಡೆದು ದಾರಿ ಮುಚ್ಚಿದರೆ ಹಣ್ಣು ಕೊಳೆಯುತ್ತದೆ. ಅಫೀಮು ಕೊಳೆಯುವುದಿಲ್ಲ. ಹಗುರವಾದ ಆ ಸರಕನ್ನು ವರ್ಷಗಟ್ಟಲೆ ಮನೆಯ ಮೂಲೆಯಲ್ಲಿಟ್ಟು, ಮಗಳ ಮದುವೆಗೋ ಕಾಯಿಲೆಗೋ ಬೇಕಾದಾಗ ಮಾರಬಹುದು. ವ್ಯಾಪಾರಿ ಹೊಲದ ಬದುವಿಗೇ ಬರುತ್ತಾನೆ. ಬಿತ್ತನೆಗೆ ಮುಂಚೆಯೇ ಮುಂಗಡ ಎಣಿಸುತ್ತಾನೆ. 'ಸಲಾಂ' ಎಂದು ಕರೆಸಿಕೊಳ್ಳುವ ಈ ಮುಂಗಡದಲ್ಲಿ ಬೆಲೆ ಅನ್ಯಾಯದ್ದೇ. ಆದರೂ ಚಳಿಗಾಲದಲ್ಲಿ ಒಲೆ ಉರಿಸುವ ಹಣ ಅದು. ಬ್ಯಾಂಕು, ಗೋದಾಮು, ಮಾರುಕಟ್ಟೆ, ವಿಮೆ ಎಂಬ ನಾಲ್ಕನ್ನೂ ಒಂದೇ ಗಿಡ ಒದಗಿಸುತ್ತಿದ್ದಾಗ, ಒಂದು ಚೀಲ ಗೋಧಿಬೀಜ ಅದಕ್ಕೆ ಎದುರು ನಿಲ್ಲಬಲ್ಲುದೆ?

2008ರಲ್ಲಿ ಹೆಲ್ಮಂಡಿನ ನೀರಾವರಿ ಪ್ರದೇಶದಲ್ಲಿ ಗೋಧಿಬೀಜವನ್ನೂ ಗೊಬ್ಬರವನ್ನೂ ಹಂಚುವ ಯೋಜನೆಯೊಂದು ಆರಂಭವಾಯಿತು. ಬೀಜದ ಜೊತೆಗೆ ಗಸಗಸೆಯನ್ನು ಕೀಳಿಸುವ ಬೆದರಿಕೆಯೂ ಇದ್ದುದರಿಂದ ಕಾಲುವೆ ಪ್ರದೇಶದಲ್ಲಿ ಗಸಗಸೆ ಇಳಿಮುಖವಾಯಿತು. ವರದಿಗಳಲ್ಲಿ ಅಂಕಿಗಳು ಶೋಭಿಸಿದವು. ಆದರೆ ಗೋಧಿಗೆ ಬೇಕಾದ ಕೈಗಳು ಬಹಳ ಕಡಮೆ. ಅಫೀಮಿನ ಕೊಯ್ಲಿಗೆ ಅದರ ಅನೇಕ ಪಟ್ಟು ಜನ ಬೇಕು. ಪಾಲಿಗೆ ಉಳುತ್ತಿದ್ದ ಭೂಮಿಯಿಲ್ಲದವರು ಕೆಲಸವನ್ನೂ ಹೊಲವನ್ನೂ ಕಳೆದುಕೊಂಡು, ಬೋಘ್ರಾ ಕಾಲುವೆಯ ಉತ್ತರದ ಮರುಭೂಮಿಗೆ ನಡೆದರು. ಅಲ್ಲಿ ಕೊಳವೆಬಾವಿ ತೋಡಿ ಮತ್ತೆ ಗಸಗಸೆಯನ್ನೇ ಬಿತ್ತಿದರು. ಹೊಲವುಳ್ಳವನ ಮನೆಗೆ ಮುಟ್ಟಿದ ನೆರವು ಹೊಲವಿಲ್ಲದವನನ್ನು ಊರಿನಿಂದಲೇ ಹೊರಹಾಕಿತ್ತು.

ಅದೇ ವರ್ಷ ಕಜಾಕಿಯಲ್ಲಿ ಇನ್ನೊಂದು ಸಾಹಸ ನಡೆಯಿತು. 1975ರಿಂದ ಎರಡು ಯಂತ್ರಗಳಿದ್ದ ವಿದ್ಯುದಾಗಾರದಲ್ಲಿ ಮೂರನೆಯದಕ್ಕೆಂದು ಬಿಟ್ಟಿದ್ದ ಸ್ಥಳ ಬರಿದಾಗಿಯೇ ಇತ್ತು. ಆ ಟರ್ಬೈನಿನ ಭಾಗಗಳನ್ನು ಸುಮಾರು ನೂರು ವಾಹನಗಳ ಸಾಲು ಸಾವಿರಾರು ಸೈನಿಕರ ಕಾವಲಿನಲ್ಲಿ ಕಂದಹಾರದಿಂದ ಸುಮಾರು 180 ಕಿಲೋಮೀಟರು ಸಾಗಿಸಿತು. ಅದು ದೊಡ್ಡ ಪರಾಕ್ರಮವೇ ಸರಿ. ಆದರೆ ಯಂತ್ರವನ್ನು ನೆಲೆಗೊಳಿಸಲು ನೂರಾರು ಟನ್ ಸಿಮೆಂಟು ಬೇಕು. ಅದನ್ನು ತರಬೇಕಾದ ದಾರಿ ತಾಲಿಬಾನರ ಹಿಡಿತದಲ್ಲಿತ್ತು. ಆ ಬಿಡಿಭಾಗಗಳು ವರ್ಷಗಟ್ಟಲೆ ಹಾಗೆಯೇ ಬಿದ್ದಿದ್ದು, ಯಂತ್ರ ತಿರುಗಿದ್ದು 2016ರಲ್ಲಿ.

ಹಣದ ಅಭಾವ ಇರಲೇ ಇಲ್ಲ. ಎರಡು ದಶಕಗಳಲ್ಲಿ ಅಮೆರಿಕ ಒಂದೇ ಈ ದೇಶದ ಪುನರ್ನಿರ್ಮಾಣಕ್ಕೆಂದು ತೆಗೆದಿಟ್ಟ ಹಣ 14,000 ಕೋಟಿ ಡಾಲರನ್ನು ಮೀರಿತ್ತು. ಈ ವೆಚ್ಚವನ್ನು ಪರಿಶೀಲಿಸಲು ಆ ದೇಶವೇ 2008ರಲ್ಲಿ ನೇಮಿಸಿದ ವಿಶೇಷ ತನಿಖಾಧಿಕಾರಿಯ ಕಚೇರಿ 2018ರ ವರದಿಯಲ್ಲಿ ನಿಷ್ಠುರವಾಗಿ ನುಡಿಯಿತು: ಅತ್ಯಂತ ಅಪಾಯದ ಜಿಲ್ಲೆಗಳಿಗೇ ಮೊದಲು, ಅದೂ ಅವಸರದಲ್ಲಿ, ಹಣ ಸುರಿದುದರಿಂದ ಭ್ರಷ್ಟಾಚಾರ ಬೆಳೆಯಿತು, ಸೈನ್ಯ ಹಿಂದೆಗೆದಲ್ಲಿ ಗಳಿಕೆಯೂ ಕರಗಿತು. ಖರ್ಚಾದ ಹಣವೇ ಸಾಧನೆಯ ಅಳತೆಗೋಲಾಗಿತ್ತು. ಸರಕು ಸಾಗಿಸುವ ಲಾರಿಗಳ ರಕ್ಷಣೆಗೆಂದು ತೆತ್ತ ಹಣ ಸೇನಾನಾಯಕರೆನಿಸಿಕೊಂಡ ಪುಂಡರ ಜೇಬು ಸೇರುತ್ತಿದ್ದುದನ್ನು ಅಮೆರಿಕದ ಸಂಸತ್ತಿನ ಉಪಸಮಿತಿಯೊಂದು 2010ರಲ್ಲಿಯೇ ಬಯಲಿಗೆಳೆದಿತ್ತು. ಕೊಡುವವನದು ಆರ್ಥಿಕ ವರ್ಷದ ಗಡಿಯಾರ. ರೈತನದು ಮಳೆ ಬೆಳೆಗಳ ಪಂಚಾಂಗ.

ಭಾರತವೂ ಅಲ್ಲಿ ಬೆವರು ಸುರಿಸಿತು. ಗಡಿ ರಸ್ತೆ ಸಂಸ್ಥೆ ನಿರ್ಮಿಸಿದ ಜರಂಜ್-ದೆಲಾರಾಮ್ ಹೆದ್ದಾರಿ 2009ರ ಜನವರಿಯಲ್ಲಿ ಆಫ್ಘನ್ನರ ವಶವಾಯಿತು. ಅದನ್ನು ಕಟ್ಟುವಾಗ ಭಾರತೀಯರೂ ಆಫ್ಘನ್ನರೂ ದಾಳಿಗಳಲ್ಲಿ ಪ್ರಾಣ ತೆತ್ತಿದ್ದರು. ಹೆರಾತ್ ಪ್ರಾಂತದ ಸಲ್ಮಾ ಅಣೆಕಟ್ಟು ಬಹುಕಾಲದ ವಿಳಂಬದ ನಂತರ 2016ರಲ್ಲಿ ಉದ್ಘಾಟನೆಯಾಯಿತು. ಒಳ್ಳೆಯ ಮನಸ್ಸಿನಿಂದ ಕೊಟ್ಟುದಕ್ಕೂ ಯುದ್ಧ ತನ್ನ ಸುಂಕವನ್ನು ಬಿಡಲಿಲ್ಲ.

ಹಾಗಾದರೆ ಎಲ್ಲವೂ ವ್ಯರ್ಥವೆ? ಅಲ್ಲ. 2003ರಲ್ಲಿ ಆರಂಭವಾದ 'ರಾಷ್ಟ್ರೀಯ ಐಕ್ಯ ಕಾರ್ಯಕ್ರಮ'ದಲ್ಲಿ ಹಳ್ಳಿಗರು ಗುಪ್ತ ಮತದಾನದಿಂದ ಸಮಿತಿಯನ್ನು ಆರಿಸಿ, ಹೆಚ್ಚೆಂದರೆ 60,000 ಡಾಲರಿನ ಅನುದಾನದಲ್ಲಿ ತಮಗೆ ಬೇಕಾದ ಕೆಲಸವನ್ನು ತಾವೇ ಆರಿಸಿಕೊಳ್ಳುತ್ತಿದ್ದರು. ಸಮಿತಿಯಲ್ಲಿ ಹೆಂಗಸರಿಗೂ ಸ್ಥಾನವಿತ್ತು. ಈ ಕಾರ್ಯಕ್ರಮ ಮೂವತ್ತು ಸಾವಿರಕ್ಕೂ ಹೆಚ್ಚು ಜನವಸತಿಗಳನ್ನು ಮುಟ್ಟಿತು. ಹತ್ತು ಜಿಲ್ಲೆಗಳ 500 ಹಳ್ಳಿಗಳಲ್ಲಿ ನಡೆದ ಅಧ್ಯಯನದಲ್ಲಿ ಕುಡಿಯುವ ನೀರು, ವಿದ್ಯುತ್ತುಗಳ ಸೌಕರ್ಯ ಸುಧಾರಿಸಿದ್ದು ಕಂಡುಬಂದಿತು. ನೀರಾವರಿ, ರಸ್ತೆಗಳಲ್ಲಿ ಅಷ್ಟಾಗಿ ಕಾಣಲಿಲ್ಲ. ಸರಕಾರದ ಮೇಲಿನ ವಿಶ್ವಾಸ ಕೊಂಚ ಹೆಚ್ಚಿತ್ತು. ಪಾಕಿಸ್ತಾನದ ಗಡಿಗೆ ಹತ್ತಿರವಾದ, ಹಿಂಸೆ ಮೊದಲೇ ಬೇರೂರಿದ್ದ ಜಿಲ್ಲೆಗಳಲ್ಲಿ ಮಾತ್ರ ಆ ವಿಶ್ವಾಸವೂ ಚಿಗುರಲಿಲ್ಲ. ನೆರವು ಶಾಂತಿಯನ್ನು ಬೆಳೆಸಬಲ್ಲುದು. ಶಾಂತಿಯೇ ಇಲ್ಲದ ಕಡೆ ಅದನ್ನು ಕೊಂಡು ತರಲಾರದು.

2021ರ ಆಗಸ್ಟಿನಲ್ಲಿ ಸರಕಾರ ಕುಸಿದುಬಿದ್ದು, ವಿದೇಶಿ ಅಭಿವೃದ್ಧಿ ಹಣದ ಬಹುಪಾಲು ನಿಂತುಹೋಯಿತು. 2022ರ ಏಪ್ರಿಲಿನಲ್ಲಿ ತಾಲಿಬಾನ್ ಗಸಗಸೆಯನ್ನು ನಿಷೇಧಿಸಿತು. ವಿಶ್ವಸಂಸ್ಥೆಯ ಅಂದಾಜಿನಂತೆ 2022ರಲ್ಲಿ 2,33,000 ಹೆಕ್ಟೇರಿದ್ದ ಬೆಳೆ 2023ರಲ್ಲಿ 10,800 ಹೆಕ್ಟೇರಿಗೆ ಇಳಿಯಿತು. ನೂರಾರು ಕೋಟಿ ಡಾಲರು ಮಾಡಲಾರದುದನ್ನು ಒಂದು ಅಪ್ಪಣೆ ಮಾಡಿತೆಂದು ಕೆಲವರು ಬೆರಗಾದರು. ಆದರೆ ಅಫೀಮಿನಿಂದ ರೈತರಿಗೆ ಬರುತ್ತಿದ್ದ ವರಮಾನದಲ್ಲಿ ನೂರು ಕೋಟಿ ಡಾಲರಿಗೂ ಹೆಚ್ಚು ಆ ಒಂದೇ ವರ್ಷ ಕಡಮೆಯಾಯಿತು. ದಾಸ್ತಾನು ಇದ್ದ ಹೊಲದೊಡೆಯ ಏರಿದ ಬೆಲೆಗೆ ಮಾರಿ ಬದುಕಿದ. ಪಾಲಿಗೆ ಉಳುವವನ ಮನೆಯ ಮೂಲೆಯಲ್ಲಿ ಮಾರಲು ಏನಿತ್ತು?

ಡಾಲರು ಬಂದಾಗಲೂ ಅಪ್ಪಣೆ ಬಂದಾಗಲೂ ಆ ಮನೆಯ ಬಾಗಿಲಲ್ಲಿ ನಿಂತು, "ಅಪ್ಪಾ, ಈ ಚಳಿಗಾಲವನ್ನು ಹೇಗೆ ಕಳೆಯುತ್ತೀ?" ಎಂದು ಕೇಳಿದವರು ವಿರಳ. ಹಳ್ಳಿಯ ಅಭಿವೃದ್ಧಿ ಮೊದಲಾಗಬೇಕಾದುದು ಆ ಒಂದು ವಿಚಾರಣೆಯಿಂದ. ಅಣೆಕಟ್ಟು, ಟರ್ಬೈನು, ಹೆದ್ದಾರಿಗಳು ಆಮೇಲೆ ಬರಲಿ. ಬರುವಾಗ ಬಸಿಗಾಲುವೆಯನ್ನು ಮರೆಯದಿರಲಿ.